ಹೇಳೋ ರೇಟು, ಕೊಡೋ ರೇಟು

ಹಿಂದೂಪುರದ ತಿಪ್ಪೇಶನ ಮಾನ ಹೋದದ್ದು ಅರ್ಧ ಲೋಟ ಟೀಯಿಂದ. ಆ ಟೀ ಕೊಡಿಸಿದವರು ಎದುರುಮನೆ ಕೇಶವಯ್ಯ ಎಂದರೆ ಅವರ ಬೀದಿಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಪೋಸ್ಟಾಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಟಪಾಲು ವಿಂಗಡಿಸಿ ನಿವೃತ್ತರಾದ ಕೇಶವಯ್ಯ, ಅಲ್ಲಿಯವರೆಗೆ ಯಾರಿಗೂ ಒಂದು ಅಡಿಕೆ ಚೂರನ್ನೂ ಕೊಟ್ಟವರಲ್ಲ. ಅಂಥವರು ತಾವಾಗಿ ಕರೆದಾಗ ಹೋಗದೆ ಇರಲು ತಿಪ್ಪೇಶನೇನು ಋಷಿಯೇ?

ತಿಪ್ಪೇಶನ ಕಸುಬು ಸನ್ಮಾನ. ಅವನಿಗೆ ಯಾರೂ ಸನ್ಮಾನ ಮಾಡಿದ್ದಿಲ್ಲ, ಬೇರೆಯವರ ಸನ್ಮಾನಕ್ಕೆ ಬೇಕಾದ ಸಾಮಾನು ಮಾಡಿ ಮಾರುತ್ತಿದ್ದ. ಒಂದು ಶಾಲು, ಜರಿಯಂಚಿನ ಒಂದು ಪೇಟ, ಒಂದು ಹಾರ, ಇಷ್ಟನ್ನೂ ತುಂಬಿಸಿ ಕೊಡಲು ಒಂದು ಕೈಚೀಲ, ಇವೆಲ್ಲ ಸೇರಿ ಒಂದು ಸೆಟ್ಟು. ಅಪ್ಪ ಬಿಟ್ಟುಹೋದ ಎರಡು ಮಗ್ಗ, ತಾನು ಕೊಂಡ ನಾಲ್ಕು ಹೊಲಿಗೆ ಮಿಷನ್ನು, ಇದೇ ಅವನ ಕಾರ್ಖಾನೆ. ರಿಟೈರಾದ ಮೇಷ್ಟರು, ಗೆದ್ದ ಸರಪಂಚರು, ಹತ್ತನೇ ಕ್ಲಾಸಿನಲ್ಲಿ ಫಸ್ಟ್ ಬಂದ ಹುಡುಗಿಯರು, ಸುತ್ತಮುತ್ತಲಿನ ಎಲ್ಲರ ತಲೆ ಮೇಲೂ ಕೂತದ್ದು ತಿಪ್ಪೇಶನ ಪೇಟವೇ. ಆದರೆ ಒಂದು ವರ್ಷದಿಂದ ಸೂರತ್ತಿನ ಮಿರಿಮಿರಿ ಶಾಲು ಅಂಗಡಿ ಅಂಗಡಿಗೆ ಬಂದು ಕೂತು, ಇವನ ಮಿಷನ್ನುಗಳ ಮೇಲೆ ಬೆಕ್ಕು ಮಲಗುವಂತಾಗಿತ್ತು.

ಆ ಬುಧವಾರ ಬೆಳಿಗ್ಗೆ ಹೆಂಡತಿ ಬನಶ್ರೀ ಉಪ್ಪಿಟ್ಟಿನ ತಟ್ಟೆಯ ಜೊತೆಗೇ ಗಡುವನ್ನೂ ತಂದಿಟ್ಟಳು.

"ಇವತ್ತೊಂದಿನ ನೋಡ್ತೀನಿ ಕಣ್ರೀ. ಕಲ್ಯಾಣದುರ್ಗದ ಆ ಸ್ಕೂಲಿನ ಆರ್ಡರು ಬಂತಾ, ಸಂತೋಷ. ಬರ್ಲಿಲ್ವಾ, ನಾಳೆ ಗುರುವಾರ, ದಿನ ಚೆನ್ನಾಗೈತೆ, ಹೋಗಿ ನಮ್ ಕದಿರೇಶನ ಅಂಗಡೀಲಿ ಕೂತ್ಕಳಿ. ಎಷ್ಟು ಸಲ ಕರೆದ, ಪಾಪ!"

ಕದಿರೇಶ ಬನಶ್ರೀಯ ತಮ್ಮ. ಕಲ್ಯಾಣದುರ್ಗದಲ್ಲಿ ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಟ್ಟು ಕೊಟ್ಟು ಎರಡಂತಸ್ತಿನ ಮನೆ ಕಟ್ಟಿದ ಭೂಪ. ತಿಪ್ಪೇಶನ ಮದುವೆಯಲ್ಲಿ ಅವನಿಗೆ ಹತ್ತು ವರ್ಷ. ಮಂಟಪದಲ್ಲಿ ಅವನ ಮೂಗು ಒರೆಸಿದ್ದು ಇದೇ ತಿಪ್ಪೇಶ, ಅದೂ ಹೊಸ ಧೋತರದ ಚುಂಗಿನಿಂದ. ಅಂಥವನನ್ನು ಈಗ ಯಜಮಾನ ಎನ್ನಬೇಕೆ? ಬಾಮೈದನ ಕೈಕೆಳಗೆ ದುಡಿಯುವುದಕ್ಕಿಂತ ಬಾವಿಗೆ ಬೀಳುವುದೇ ಮೇಲು ಎಂದುಕೊಂಡ. ಆದರೆ ಹಿಂದೂಪುರದಲ್ಲಿ ಮುಳುಗುವಷ್ಟು ನೀರಿರುವ ಬಾವಿ ಹುಡುಕಿಕೊಂಡು ಅಲೆಯುವವರು ಯಾರು? ಅದಕ್ಕಿಂತ ಆರ್ಡರು ಹಿಡಿಯುವುದೇ ಸುಲಭ.

ಆರ್ಡರು ಕೊಡಬೇಕಾದವರು ಓಬಳಪ್ಪ. ಕಲ್ಯಾಣದುರ್ಗದಲ್ಲಿ ಅವರು ಸ್ವಂತ ಸ್ಕೂಲು ತೆಗೆದು ಇಪ್ಪತ್ತೈದು ವರ್ಷವಾಗಿತ್ತು. ಅದಕ್ಕೊಂದು ದೊಡ್ಡ ಸಭೆ ಮಾಡಿ ಮುನ್ನೂರು ಜನಕ್ಕೆ ಸನ್ಮಾನ ಮಾಡುವುದೆಂದು ತೀರ್ಮಾನಿಸಿದ್ದರು. ಚಪ್ಪಾಳೆ ತಟ್ಟಲು ಕೆಳಗೆ ಯಾರು ಉಳಿಯುತ್ತಾರೆ ಎಂದು ಯಾರೂ ಕೇಳಿರಲಿಲ್ಲ. ಅವರ ಆಫೀಸಿನಿಂದ ಒಂದೇ ಷರತ್ತು: ಪ್ರಪೋಸಲ್ಲು ಇ-ಮೈಲಿನಲ್ಲೇ ಬರಬೇಕು, ಬುಧವಾರದೊಳಗೆ ಬರಬೇಕು.

ತಿಪ್ಪೇಶನಿಗೆ ಕಷ್ಟವಾದದ್ದು ಇಲ್ಲೇ. ಅವನ ಅಪ್ಪ ಮಗ್ಗದ ಜೊತೆಗೆ ರೇಷ್ಮೆಗೂಡಿನ ದಲ್ಲಾಳಿಯೂ ಆಗಿದ್ದವನು. ಟವಲಿನ ಕೆಳಗೆ ಬೆರಳು ಹಿಡಿದು ರೇಟು ಹೇಳಿದ ವಂಶ ಅದು. ಬಾಯಿಬಿಟ್ಟು ಹೇಳಿದ ರೇಟು ಹಾದಿ ಪಾಲು ಎನ್ನುವುದು ಮನೆತನದ ವೇದವಾಕ್ಯ. ಪ್ರತಿ ಗಿರಾಕಿಗೂ ಎರಡು ರೇಟು ಇರುತ್ತವೆ, ಒಂದು ಹೇಳೋ ರೇಟು, ಇನ್ನೊಂದು ಕೊಡೋ ರೇಟು. ಆರುನೂರ ಇಪ್ಪತ್ತು ಎಂದು ಹೇಳಬೇಕು, ಗಿರಾಕಿ ಗೋಳಾಡಬೇಕು, ಎದ್ದು ಹೊರಡಬೇಕು, ವಾಪಸ್ ಕರೆಸಿಕೊಳ್ಳಬೇಕು, ಕೊನೆಗೆ ನಾನೂರ ಎಂಬತ್ತಕ್ಕೆ ಕೊಡಬೇಕು. ಇಬ್ಬರೂ ಗೆದ್ದೆವೆಂದು ಮನೆಗೆ ಹೋಗಬೇಕು. ಯಾರಿಗೆ ಎಷ್ಟು ಹೇಳಬೇಕು, ಎಷ್ಟಕ್ಕೆ ನಿಲ್ಲಬೇಕು, ಅವರ ಗುಣವೇನು ಎನ್ನುವುದನ್ನೆಲ್ಲ ತಿಪ್ಪೇಶ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದ. ಆ ಪುಸ್ತಕವನ್ನು ಬನಶ್ರೀಗೂ ತೋರಿಸಿರಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ನೆಟ್ ಸೆಂಟರಿನಲ್ಲಿ ಶ್ರೀಲತಾ ಎನ್ನುವ ಹುಡುಗಿ ಕೂರುತ್ತಿದ್ದಳು. ಅಂಚೆ ಶಿಕ್ಷಣದಲ್ಲಿ ಎಂ.ಬಿ.ಎ. ಓದುತ್ತಿದ್ದ ಚುರುಕು ಹುಡುಗಿ. ತಿಪ್ಪೇಶನಿಗೆ ಮೈಲ್ ಐಡಿ ಮಾಡಿಕೊಟ್ಟವಳೂ ಅವಳೇ, ಅದರ ಪಾಸ್‌ವರ್ಡ್ ಗೊತ್ತಿದ್ದವಳೂ ಅವಳೊಬ್ಬಳೇ.

"ಒಂದು ಮೈಲಿಗೆ ಇಪ್ಪತ್ತು ರೂಪಾಯಿ ಅಣ್ಣಾ. ಪ್ರಪೋಸಲ್ ಟೈಪ್ ಮಾಡೋದು ಬೇರೆ."

"ನಂಗೆ ಏಳು ಜನ ಗಿರಾಕಿಗಳವ್ರಲ್ಲಮ್ಮ. ಹೆಂಗೂ ಕಳಿಸ್ತಿದೀವಿ, ಎಲ್ರಿಗೂ ಕಳಿಸ್ಬುಟ್ರೆ ಚೆನ್ನಾಗಿರ್ತದೆ. ಒಂದೇ ಏಟಿಗೆ ಏಳೂ ಜನಕ್ಕೆ ಹೋಗಂಗೆ ಆಗಲ್ವಾ?"

"ಆಗ್ತದೆ."

"ಆಗ ದುಡ್ಡು?"

"ಒಂದ್ರದೇ ಅಣ್ಣಾ."

ನೂರ ಇಪ್ಪತ್ತು ರೂಪಾಯಿ ಉಳಿಯಿತೆಂದು ತಿಪ್ಪೇಶನ ಮುಖ ಅರಳಿತು. ಪುಸ್ತಕ ತೆಗೆದು, ಗಿರಾಕಿಗಳ ವಿಳಾಸವಿದ್ದ ಪುಟ ತೆರೆದು ಅವಳ ಮುಂದಿಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ಕೇಶವಯ್ಯ ಪ್ರತ್ಯಕ್ಷರಾದರು.

"ಏನ್ಲಾ ತಿಪ್ಪೇಶ, ಬೆಳಿಗ್ಗೇನೇ ಇಲ್ಲಿ? ಬಾ, ಒಂದು ಟೀ ಕುಡ್ಯಾನ. ನಾನೇ ಕೊಡಿಸ್ತೀನಿ ಕಣಪ್ಪ."

ತಿಪ್ಪೇಶನಿಗೆ ಕಿವಿ ನಂಬಲಾಗಲಿಲ್ಲ. ಇಂಥ ಮುಹೂರ್ತ ಮತ್ತೆ ಬರುವುದಿಲ್ಲವೆಂದು ಎದ್ದ. "ರೇಟು ಗೀಟು ಎಲ್ಲ ಈ ಪುಟದಲ್ಲೇ ಐತೆ, ನೋಡಿ ಹಾಕ್ಬುಡಮ್ಮ" ಎಂದು ಓಡಿದ.

ಅರ್ಧ ಲೋಟ ಟೀಗೆ ಕೇಶವಯ್ಯ ತಮ್ಮ ಮೊಣಕಾಲು ನೋವಿನ ಪೂರ್ತಿ ಚರಿತ್ರೆ ಹೇಳಿ ವಸೂಲು ಮಾಡಿಕೊಂಡರು. ವಾಪಸ್ ಬರುವಾಗ ಒಂಬತ್ತೂವರೆ. ಶ್ರೀಲತಾ ನಗುನಗುತ್ತಾ ಒಂದು ಹಾಳೆ ಕೈಗಿಟ್ಟಳು.

"ಹೋಯ್ತು ಅಣ್ಣಾ, ಏಳೂ ಜನಕ್ಕೂ. ಟೇಬಲ್ ಹಾಕಿದೀನಿ, ಪ್ರೊಫೆಷನಲ್ಲಾಗಿ ಕಾಣ್ಲಿ ಅಂತ."

ತಿಪ್ಪೇಶ ಓದಿದ. ನಾಲ್ಕು ಕಾಲಮ್ಮಿನ ಅಚ್ಚುಕಟ್ಟಾದ ಟೇಬಲ್ಲು. ಮೊದಲನೆಯದು ಗಿರಾಕಿಯ ಹೆಸರು. ಎರಡನೆಯದು ಹೇಳೋ ರೇಟು. ಮೂರನೆಯದು ಕೊಡೋ ರೇಟು. ನಾಲ್ಕನೆಯದು ಗುಣ.

'ಈರಲಿಂಗಪ್ಪ, ಗೋರಂಟ್ಲ ಸೊಸೈಟಿ: ಹೇಳೋದು 640, ಕೊಡೋದು 510. ಹತ್ತು ರೂಪಾಯಿ ಇಳಿಸಿದರೆ ಹಬ್ಬ ಬಂದಂಗೆ ಕುಣೀತಾನೆ.'

'ಸೋಮಶೇಖರಪ್ಪ, ಕಂಬದೂರು ಯುವಕ ಸಂಘ: ಹೇಳೋದು 600, ಕೊಡೋದು 490. ಕಿವಿ ಮಂದ. ಜಾಸ್ತಿ ರೇಟು ಮೆಲ್ಲಗೆ ಹೇಳು, ಕಡಿಮೆ ರೇಟು ಜೋರಾಗಿ ಹೇಳು.'

'ಓಬಳಪ್ಪ, ಕಲ್ಯಾಣದುರ್ಗ ಸ್ಕೂಲು: ಹೇಳೋದು 620, ಕೊಡೋದು 480. ಬಾಯಿಬಡುಕ. ಭಾಷಣ ಮುಗಿಯೋವರೆಗೂ ತಲೆ ಆಡಿಸಬೇಕು, ಆಮೇಲೆ ಎಲ್ಲಿ ಬೇಕಾದರೂ ಸೈನ್ ಹಾಕ್ತಾನೆ.'

ತಿಪ್ಪೇಶ ಕಂಪ್ಯೂಟರಿಗೇ ಕೈಮುಗಿದ. "ಅಯ್ಯೋ ದೇವುಡಾ! ಇದೆಂಥ ಕೆಲ್ಸ ಮಾಡ್ಬುಟ್ಟೆ ತಾಯೀ! ವಾಪಸ್ ತಗಾ, ವಾಪಸ್ ತಗಾ!"

"ಕಳಿಸಿ ಇಪ್ಪತ್ತು ನಿಮಿಷ ಆಗೈತೆ ಅಣ್ಣಾ. ವಾಪಸ್ ಬರಲ್ಲ. ನೀವೇ ಅಲ್ವಾ ಪುಟದಲ್ಲಿರೋದು ಹಾಕು ಅಂದಿದ್ದು?"

ಕೇಶವಯ್ಯ ಹಿಂದಿನಿಂದಲೇ ಹಾಳೆಗೆ ಕತ್ತು ಚಾಚಿ ಪೂರ್ತಿ ಓದಿ ಮುಗಿಸಿದ್ದರು. "ಗಾಬರಿ ಯಾಕ್ಲಾ? ಹಿಂದೂಪುರದಲ್ಲಿ ಹಾಕಿದ್ದು ಕಲ್ಯಾಣದುರ್ಗಕ್ಕೆ ಹೋಗೋಕೆ ಮೂರು ದಿನ ಬೇಕು. ಅನಂತಪುರದಲ್ಲಿ ಒಂದ್ಸಲ ಚೀಲ ಬಿಚ್ತಾರೆ. ಅಲ್ಲಿ ನಮ್ಮೋನೊಬ್ಬ ಅವ್ನೆ, ಹೇಳಿ ಹಿಡಿಸ್ಲಾ?"

ಅವರಿಗೆ ತಿಳಿಹೇಳುವ ಹೊತ್ತು ಅದಲ್ಲ. ತಿಪ್ಪೇಶ ಓಬಳಪ್ಪನವರ ಆಫೀಸಿಗೆ ಫೋನು ಮಾಡಿದ. ಎತ್ತಿದವಳು ಗುಮಾಸ್ತೆ ಅನಿತಾ.

"ಸಾರ್ ಬ್ರಹ್ಮಸಮುದ್ರಕ್ಕೆ ಹೋಗವ್ರೆ. ಹೊಲದಲ್ಲಿ ಬೋರ್ ಕೊರೆಸ್ತಾವ್ರೆ, ಆ ಸದ್ದಲ್ಲಿ ಫೋನ್ ಎತ್ತಲ್ಲ. ಮೂರು ಗಂಟೆಗೆ ಬತ್ತಾರೆ. ಮೈಲ್ ಬಂದಿದ್ರೆ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಡ್ತೀನಿ ಬುಡಿ, ಬಂದೇಟ್ಗೆ ನೋಡ್ತಾರೆ."

ಅಂದರೆ ಮೂರು ಗಂಟೆಯವರೆಗೆ ಪ್ರಾಣವಿದೆ. ಅಷ್ಟರೊಳಗೆ ಕಲ್ಯಾಣದುರ್ಗಕ್ಕೆ ಹೋಗಿ ಆ ಹಾಳೆಯನ್ನು ಎಗರಿಸಬೇಕು, ಅನಿತಾಳ ಕೈಕಾಲು ಹಿಡಿದಾದರೂ ಕಂಪ್ಯೂಟರಿನಿಂದ ಅಳಿಸಬೇಕು. ಮಿಕ್ಕ ಆರು ಜನ ಹಾಳಾಗಿ ಹೋಗಲಿ, ಓಬಳಪ್ಪನೊಬ್ಬ ಉಳಿದರೆ ಸಾಕು, ಬಾಮೈದನ ಅಂಗಡಿ ತಪ್ಪುತ್ತದೆ. ತಿಪ್ಪೇಶ ಮಡಕಶಿರಾ ಕಡೆಗೆ ಹೊರಟಿದ್ದ ಬಸ್ಸಿಗೆ ಓಡಿ ಹತ್ತಿಕೊಂಡ.

ಮಡಕಶಿರಾ ಇನ್ನೂ ಮುಟ್ಟಿರಲಿಲ್ಲ, ಗೋರಂಟ್ಲದ ಈರಲಿಂಗಪ್ಪನ ಫೋನು ಬಂತು.

"ಏನಯ್ಯಾ, ಹತ್ತು ರೂಪಾಯಿ ಇಳಿಸಿದ್ರೆ ನಾನು ಕುಣೀತೀನಾ? ಎಷ್ಟು ವರ್ಷದ ಗಿರಾಕಿ ನಾನು! ಅದು ಹಾಳಾಗ್ಲಿ. ನಂಗೆ ಐನೂರ ಹತ್ತು, ಆ ಕಲ್ಯಾಣದುರ್ಗದೋನಿಗೆ ನಾನೂರ ಎಂಬತ್ತು! ಇದ್ಯಾವ ನ್ಯಾಯ?"

"ತಪ್ಪಾಯ್ತಣ್ಣ. ನಿಮ್ಗೆ ಐನೂರು ಮಾಡ್ಕೊಡ್ತೀನಿ."

ಆ ಕಡೆ ದನಿಯೇ ಬದಲಾಯಿತು. "ಅವುನಾ? ಹತ್ತು ಇಳಿಸ್ತೀಯಾ? ನೋಡು ತಿಪ್ಪೇಶ, ನೀನು ಬಂಗಾರದಂಥ ಮನುಷ್ಯ ಕಣಪ್ಪ! ಊಟ ಆಯ್ತಾ? ಮನೇಲೆಲ್ಲ ಚೆನ್ನಾಗವ್ರಾ?"

ಪುಸ್ತಕದಲ್ಲಿ ಬರೆದದ್ದು ಸುಳ್ಳಲ್ಲವೆಂದು ತಿಪ್ಪೇಶನಿಗೆ ಕೊಂಚ ಸಮಾಧಾನವಾಯಿತು. ಆದರೆ ಪಾವಗಡದಲ್ಲಿ ಬಸ್ಸು ಬದಲಿಸಿ, ಕಂಬದೂರು ಮುಟ್ಟಿದಾಗ ನಿಜವಾದ ಗ್ರಹಚಾರ ಬಸ್ಸು ಹತ್ತಿತು. ಬಿಳಿ ಪಂಚೆ, ಕೈಯಲ್ಲಿ ಮಡಿಸಿದ ಹಾಳೆ, ಹತ್ತಿದವರು ಸಾಕ್ಷಾತ್ ಸೋಮಶೇಖರಪ್ಪ. ಕಿವಿ ಮಿಷನ್ನಿಗೆ ಸೆಲ್ ಹಾಕಿಸಲು ಕಲ್ಯಾಣದುರ್ಗಕ್ಕೆ ಹೊರಟಿದ್ದರು. ತಿಪ್ಪೇಶ ಕಿಟಕಿ ಕಡೆ ಮುಖ ತಿರುಗಿಸಿ ಕತ್ತು ಒಳಗೆಳೆದುಕೊಂಡ. ಸೋಮಶೇಖರಪ್ಪನವರ ಕಿವಿ ಮಂದವೇ ಹೊರತು ಕಣ್ಣು ಹದ್ದಿನ ಕಣ್ಣು.

"ತಿಪ್ಪೇಶಾ!" ಎಂದು ಅವರು ಕೂಗಿದ್ದಕ್ಕೆ ಡ್ರೈವರು ಬ್ರೇಕ್ ಒತ್ತಿದ. ಕೇಳದವರು ಮಾತಾಡುವುದು ಹಾಗೆಯೇ, ತಮಗೆ ಕೇಳಿಸುವಷ್ಟು ಜೋರಾಗಿ. "ನಂಗೆ ಕಿವಿ ಮಂದ ಅಂತ ಊರಿಗೆಲ್ಲ ಕಾಗ್ದ ಬರ್ದಿದೀಯಾ? ಜಾಸ್ತಿ ರೇಟು ಮೆಲ್ಲಗೆ ಹೇಳ್ಬೇಕಂತೆ! ನನ್ ಮೊಮ್ಮಗಳು ಓದಿ ಹೇಳಿದ್ಲು. ಅಂಗಾದ್ರೆ ಹೋದ ವರ್ಷ ನೀನು ಮೆಲ್ಲಗೆ ಏನು ಹೇಳ್ದೆ, ಈಗ ಜೋರಾಗಿ ಹೇಳು!"

ಬಸ್ಸಿನ ಅಷ್ಟೂ ತಲೆಗಳು ಹಿಂದಕ್ಕೆ ತಿರುಗಿದವು. ಮುಂದಿನ ಸೀಟಿನ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ತಿಪ್ಪೇಶನಿಗೆ ಎಂದೋ ಟೀವಿಯಲ್ಲಿ ಕೇಳಿದ್ದ ಒಂದು ಮಾತು ನೆನಪಾಯಿತು.

"ಅದು ನಾನ್ ಬರ್ದಿದ್ದಲ್ಲ ಸ್ವಾಮೀ! ಯಾರೋ ನನ್ ಮೈಲ್ ಹ್ಯಾಕ್ ಮಾಡ್ಬುಟ್ಟವ್ರೆ!"

"ಏನು? ಯಾರು ಪ್ಯಾಕ್ ಮಾಡವ್ರೆ?"

"ಕಳ್ರು! ಕಳ್ರು ನನ್ ಹೆಸ್ರಲ್ಲಿ ಬರ್ದವ್ರೆ!"

ಇಷ್ಟು ಹೇಳಿದ್ದೇ ತಡ, ಬಸ್ಸಿನ ಗಾಳಿಯೇ ತಿರುಗಿತು. ನಗುತ್ತಿದ್ದ ಹೆಂಗಸು "ಅಯ್ಯೋ ಪಾಪಂ" ಎಂದಳು. ಒಬ್ಬ ತನ್ನ ಅಳಿಯನ ಬ್ಯಾಂಕ್ ಖಾತೆ ಹೋದ ಕತೆ ಶುರುಮಾಡಿದ. ಸೋಮಶೇಖರಪ್ಪನವರಂತೂ ಕರಗಿ ನೀರಾಗಿ, "ನಾನೂ ಅಂದ್ಕಂಡೆ ಕಣಪ್ಪ, ನಿನ್ನಂಥೋನು ಅಂಗೆ ಬರೀತಾನಾ ಅಂತ" ಎಂದು ಬೆನ್ನು ಸವರಿದರು. ಟಿಕೆಟ್ ಹರಿಯುತ್ತಾ ಬಂದ ಕಂಡಕ್ಟರು ಕೊನೆಯ ಮೊಳೆ ಹೊಡೆದ.

"ಏಮಯ್ಯಾ, ಇನ್ನೂ ನೋಡ್ತಾ ಕೂತಿದೀಯಾ? ಬೇಗ ಎಲ್ರಿಗೂ ಇನ್ನೊಂದು ಮೈಲ್ ಹಾಕ್ಸಪ್ಪ, ಅದು ನಂದಲ್ಲ ಅಂತ. ಇಲ್ದಿದ್ರೆ ನಾಳೆ ಪೊಲೀಸ್ ಸ್ಟೇಷನ್‌ಗೆ ನೀನೇ ಅಲೀಬೇಕು."

ಇದು ತನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ತಿಪ್ಪೇಶ ಹಣೆ ಚಚ್ಚಿಕೊಂಡ. ತಕ್ಷಣ ಶ್ರೀಲತಾಗೆ ಫೋನು ಮಾಡಿದ. "ಅಮ್ಮಾ, ಏಳೂ ಜನಕ್ಕೂ ಹಾಕು. ಬೆಳಿಗ್ಗೆ ಬಂದಿದ್ದು ನಂದಲ್ಲ. ಯಾರೋ ಕಳ್ಳರು ಬರ್ದಿದ್ದು. ಅದ್ರಲ್ಲಿರೋ ಒಂದಕ್ಷರಾನೂ ನಂಬ್ಬೇಡಿ ಅಂತ ಹಾಕು. ಟೇಬಲ್ ಗೀಬಲ್ ಹಾಕ್ಬೇಡ ತಾಯೀ, ನಿನ್ ಕಾಲಿಗೆ ಬೀಳ್ತೀನಿ."

"ಆಯ್ತು ಅಣ್ಣಾ, ಈಗ್ಲೇ. ಇದ್ಕೆ ಇಪ್ಪತ್ತು ಬೇರೆ."

ಒಂದೂಕಾಲಿಗೆ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ತಿಪ್ಪೇಶನ ಎದೆ ಅರ್ಧ ಹಗುರಾಗಿತ್ತು. ಮಿಕ್ಕರ್ಧ ಹಗುರಾಗುವ ಮೊದಲೇ ಯಾರೋ ಬಂದು ತಬ್ಬಿಕೊಂಡರು. ಬಾಮೈದ ಕದಿರೇಶ.

"ರಾ ಬಾವಾ, ರಾ ರಾ! ಅಕ್ಕ ಫೋನ್ ಮಾಡಿದ್ಲು, ನೀವು ಬಸ್ ಹತ್ತಿದ್ನ ಕೇಶವಯ್ಯ ಹೇಳಿದ್ರಂತೆ. ನಾಳೆ ಬತ್ತೀರಾ ಅಂದ್ಕಂಡ್ರೆ ಇವತ್ತೇ ಬಂದ್ಬುಟ್ರಲ್ಲ! ಅಂಗಡೀಲಿ ನಿಮ್ಗೆ ಅಂತ ಕುರ್ಚಿ ಬೇರೆ ತೆಗ್ಸಿಟ್ಟಿದೀನಿ. ಮದುವೆ ಗಂಡು ಕೂರ್ತಾನಲ್ಲ, ಅದು, ಕೆಂಪು ಮಕಮಲ್ಲಿಂದು."

ತಾನು ಬಂದದ್ದು ಕೆಲಸಕ್ಕಲ್ಲ ಎಂದು ಹೇಳಲು ತಿಪ್ಪೇಶ ಬಾಯಿ ತೆರೆದ. ಕದಿರೇಶ ಬಿಡಲಿಲ್ಲ. ಎಳೆದುಕೊಂಡು ಹೋಗಿ ಊಟ ಹಾಕಿಸಿದ, ಗೋಡೌನ್ ತೋರಿಸಿದ, ಎರಡು ಸಾವಿರ ಕುರ್ಚಿಗಳ ಮುಂದೆ ನಿಲ್ಲಿಸಿ ಯಾವುದು ಯಾವ ಮದುವೆಯಲ್ಲಿ ಮುರಿಯಿತು ಎಂದು ಹೇಳಿದ. ಗಡಿಯಾರ ಎರಡೂಕಾಲು ದಾಟಿತು. ತಿಪ್ಪೇಶ ಮುಳ್ಳಿನ ಮೇಲೆ ನಿಂತವನಂತೆ ಕಾಲು ಬದಲಿಸುತ್ತಿದ್ದ. ಪುಣ್ಯಕ್ಕೆ ಯಾರದೋ ಫೋನು ಬಂತು. "ಸಾರ್, ಹೇಳಿ ಸಾರ್" ಎನ್ನುತ್ತಾ ಕದಿರೇಶ ಆಚೆ ಹೋದದ್ದೇ, ತಿಪ್ಪೇಶ ಹಿಂಬಾಗಿಲಿನಿಂದ ಹೊರಬಿದ್ದು ಆಟೋ ಹಿಡಿದ.

ಸ್ಕೂಲಿನ ಆಫೀಸಿನಲ್ಲಿ ಅನಿತಾ ಒಬ್ಬಳೇ ಇದ್ದಳು. ಒಳಗಿನ ಟೇಬಲಿನ ಮೇಲೆ ಕೆಂಪು ಫೈಲು, ಅದರೊಳಗೆ ಅವನ ಹಾಳೆ. ಎರಡನೇ ಮೈಲ್ ಹೋಗಿದೆ, ನಿಜ. ಆದರೂ 'ಬಾಯಿಬಡುಕ' ಎಂದು ಬರೆದ ಕಾಗದವನ್ನು ಬಾಯಿಬಡುಕನ ಟೇಬಲಿನ ಮೇಲೆ ಬಿಟ್ಟುಹೋಗಲು ಮನಸ್ಸು ಒಪ್ಪಬೇಕಲ್ಲ?

"ಸ್ವಲ್ಪ ನೀರು ಕೊಡ್ತೀಯಾಮ್ಮ?"

ಅವಳು ವರಾಂಡದ ಕ್ಯಾನಿನ ಕಡೆ ಹೋದಳು. ತಿಪ್ಪೇಶ ಒಂದೇ ನೆಗೆತಕ್ಕೆ ಒಳಗೆ ನುಗ್ಗಿ, ಹಾಳೆ ಎಳೆದು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ತುರುಕಿ, ಬಂದು ಕುರ್ಚಿಯಲ್ಲಿ ಕೂತ. ನಲವತ್ತೈದು ವರ್ಷದಲ್ಲಿ ಅವನು ಮಾಡಿದ ಮೊದಲ ಕಳ್ಳತನ. ಕೂತದ್ದೂ ಆಯಿತು, ಅಂಗಳದಲ್ಲಿ ಜೀಪಿನ ಸದ್ದು ಕೇಳಿದ್ದೂ ಆಯಿತು.

ಓಬಳಪ್ಪ ಮೊಣಕಾಲುವರೆಗೂ ಕೆಸರು ಮೆತ್ತಿಕೊಂಡು ಒಳಗೆ ಬಂದರು. ಮುಖದಲ್ಲಿ ಹಬ್ಬದ ಕಳೆ.

"ನೀರು ಬಿತ್ತಮ್ಮ ಅನಿತಾ! ಮುನ್ನೂರೈವತ್ತು ಅಡೀಗೆ ಎರಡಿಂಚು! ಎಲ್ರಿಗೂ ಮೈಸೂರ್‌ಪಾಕ್ ತರಿಸು." ಆಮೇಲೆ ತಿಪ್ಪೇಶನನ್ನು ನೋಡಿದರು. "ಓಹೋ, ಹಿಂದೂಪುರದ ಸನ್ಮಾನದೋನಲ್ವಾ? ಬಾರಯ್ಯಾ, ಬಾ. ಪಾಪ, ನಿನ್ ಮೈಲ್ ಯಾರೋ ಕದ್ಬುಟ್ರಂತೆ?"

ತಿಪ್ಪೇಶ ಎರಡೂ ಕೈ ಮುಗಿದ. ಅಂಗಿಯೊಳಗಿನ ಹಾಳೆ ಪರಪರ ಎಂದಿತು. "ಹೂಂ ಸಾರ್. ನೀವು ಅದ್ನ ನೋಡೋ ಮೊದ್ಲೇ ಹೇಳಣಾಂತ ಓಡಿ ಬಂದೆ."

"ನೋಡೋ ಮೊದ್ಲಾ? ನಾನು ಬೆಳಿಗ್ಗೆ ಹತ್ತಕ್ಕೇ ನೋಡ್ದೆ! ಬೋರ್ ಗಾಡಿ ಹತ್ರ ಕೂತಿದ್ದೆ, ಬರೀ ಧೂಳು. ಬೇಜಾರಾಗಿ ಫೋನ್ ತೆಗೆದ್ರೆ ನಿನ್ ಹೆಸ್ರಲ್ಲಿ ಮೈಲು. ಓದಿ ನಕ್ಕೆ ನೋಡಪ್ಪ ನಾನು, ನೀರು ಬಿತ್ತೇನೋ ಅಂದ್ಕಂಡು ಬೋರಿನೋರು ಓಡಿ ಬಂದ್ರು."

"ಕ್ಷಮಿಸ್ಬೇಕು ಸಾರ್, ಆ ಬಾಯಿ, ಬಾಯಿ..."

"ಬಾಯಿಬಡುಕ ಅಂತ ಬರ್ದಿತ್ತು. ನಮ್ಮನೆಯಾಕೆ ಮೂವತ್ತು ವರ್ಷದಿಂದ ಅದ್ನೇ ಹೇಳ್ತಾ ಅವ್ಳೆ. ಆದ್ರೆ ಕೇಳು, ಇಪ್ಪತ್ತೈದು ವರ್ಷ ಸ್ಕೂಲು ನಡೆಸಿದೀನಿ. ಬೆಂಚಿನೋನು, ಪುಸ್ತಕದೋನು, ಯೂನಿಫಾರ್ಮಿನೋನು, ಎಷ್ಟು ಜನ ಬಂದ್ಹೋದ್ರು. ಒಬ್ಬ, ಒಬ್ಬನಾದ್ರೂ ತನ್ನ ಕೊಡೋ ರೇಟು ಬರ್ದು ಕೊಟ್ಟವ್ನಾ? ಎದುರಿಗೆ ಧಣಿ ಧಣಿ ಅಂತಾರೆ, ಹಿಂದೆ ಬೈಕೊಂಡು ಹೋಯ್ತಾರೆ. ಇವನೊಬ್ಬ ಎರಡು ರೇಟೂ ಬರ್ದು, ನನ್ ಗುಣಾನೂ ನನ್ ಮುಖಕ್ಕೇ ಬರ್ದವ್ನೆ! ಸತ್ಯಹರಿಶ್ಚಂದ್ರ ಹಿಂದೂಪುರದಲ್ಲಿ ಹುಟ್ಟವ್ನೆ ಅಂದ್ಕಂಡೆ. ಅಲ್ಲೇ ಕೂತು ಒಪ್ಪಿಗೆ ಕಳಿಸ್ದೆ. ಮುನ್ನೂರಲ್ಲ, ಐನೂರು ಸೆಟ್ಟು!"

ತಿಪ್ಪೇಶ ಕುರ್ಚಿಯ ಅಂಚಿಗೆ ಸರಿದ.

"ಆಮೇಲೆ ಒಂದು ಗಂಟೆ ಹೊತ್ಗೆ ಬಂತು ನೋಡು ಇನ್ನೊಂದು ಮೈಲು, ಅದು ನಂದಲ್ಲ, ಕಳ್ಳರು ಬರ್ದಿದ್ದು ಅಂತ. ಎದೆ ಒಡೆದ್ಹೋಯ್ತು ಕಣಯ್ಯ. ಅಂಥ ಸತ್ಯವಂತ ನೀನಲ್ವಲ್ಲ, ಯಾರೋ ಕಳ್ಳ!"

ತಿಪ್ಪೇಶ ಕುರ್ಚಿಯಿಂದ ಎದ್ದೇ ಬಿಟ್ಟ. "ಸಾರ್! ಆ ಕಳ್ಳ ನಾನೇ ಸಾರ್!"

"ಏನು?"

"ಮೊದಲನೇ ಮೈಲ್ ನಂದೇ ಸಾರ್. ನನ್ ಕೈಯಾರ ಬರ್ದಿದ್ದು."

"ಹಂಗಾದ್ರೆ ಎರಡನೇದು ಸುಳ್ಳಾ?"

"ಶುದ್ಧ ಸುಳ್ಳು ಸಾರ್."

"ಸುಳ್ಳು ಬರ್ಸಿದೋನು ಯಾರು?"

"ನಾನೇ ಸಾರ್."

"ಮತ್ತೆ ಸತ್ಯವಂತ ಯಾರು?"

"ಅದೂ ನಾನೇ ಸಾರ್."

ಓಬಳಪ್ಪ ಸುಮ್ಮನೆ ಅವನನ್ನೇ ನೋಡಿದರು. ಅವರು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ಅನಿತಾ ನೌಕರಿಗೆ ಸೇರಿದ ಮೇಲೆ ನೋಡಿರಲಿಲ್ಲವಂತೆ. ತಿಪ್ಪೇಶ ಇನ್ನು ತಡೆಯಲಾರದೆ, ಸಾಕ್ಷಿಗಿರಲಿ ಎಂದು ಅಂಗಿಯೊಳಗೆ ಕೈಹಾಕಿ ಹಾಳೆ ತೆಗೆದ. "ನೋಡಿ ಸಾರ್, ಪ್ರತಿ ಅಕ್ಷರಾನೂ ನಂದೇ. ತಾಯಾಣೆ ಸಾರ್!"

ಓಬಳಪ್ಪ ಹಾಳೆ ಬಿಡಿಸಿದರು. ಮೂಲೆಯಲ್ಲಿ ಅವರದೇ ಆಫೀಸಿನ ನೇರಳೆ ಸೀಲು, ಕೆಳಗೆ ಅನಿತಾಳ ಸಹಿ. ಕೆಂಪು ಫೈಲು ತೆಗೆದು ನೋಡಿದರು. ಖಾಲಿ.

"ಕಳ್ಳ ಅಂತ ನೀನೇ ಹೇಳ್ದೆ, ನಾನ್ ನಂಬ್ಲಿಲ್ಲ," ಎಂದರು. ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. "ಹೋಗ್ಲಿ ಬುಡು. ನಾನೂ ಕಾಯೋಕಾಗ್ಲಿಲ್ಲ, ದಾರೀಲಿ ಬತ್ತಾ ಫೋನಲ್ಲೇ ಬೇರೆಯೋರಿಗೆ ಆರ್ಡರ್ ಕೊಟ್ಬುಟ್ಟೆ. ನಮ್ ಶಾಮಿಯಾನದ ಕದಿರೇಶ. ಕುರ್ಚಿ ಜೊತೆ ಅದ್ನೂ ಅವ್ನೇ ತಂದುಕೊಡ್ತಾನಂತೆ. ಒಂದೇ ರೇಟು ಹೇಳ್ದ, ಐನೂರ ತೊಂಬತ್ತು. ಮುಚ್ಚುಮರೆ ಇಲ್ಲ."

"ಸಾರ್, ನಂದು ನಾನೂರ ಎಂಬತ್ತೇ ಅಲ್ವಾ ಸಾರ್!"

"ಅದು ಕಳ್ಳ ಬರ್ದ ರೇಟು ಕಣಯ್ಯ. ಒಂದಕ್ಷರಾನೂ ನಂಬ್ಬೇಡಿ ಅಂತ ನೀನೇ ಬರ್ಸಿದೀಯಲ್ಲ. ಕದಿರೇಶ ಕೇಳಿದ್ದಕ್ಕೆ ಆ ರೇಟೂ ಹೇಳ್ದೆ ನಾನು, ಅವ್ನೂ ನಕ್ಕ."

ಮೈಸೂರ್‌ಪಾಕ್ ಬಂತು. ತಿಪ್ಪೇಶನಿಗೂ ಒಂದು ತುಂಡು ಕೊಟ್ಟರು. ಅವನು ತಿಂದ. ಮೂರೂವರೆ ಗಂಟೆಯ ಬಸ್ಸಿಗೆ ಸೀಟು ಸಿಕ್ಕಿತು.

ದಾರಿಯಲ್ಲಿ ಈರಲಿಂಗಪ್ಪ ಮತ್ತೆ ಫೋನು ಮಾಡಿ, "ಯಾವನಯ್ಯಾ ನೀನು? ಬೆಳಿಗ್ಗೆ ತಿಪ್ಪೇಶನ ದನೀಲಿ ಮಾತಾಡಿ ಹತ್ತು ರೂಪಾಯಿ ಇಳಿಸ್ತೀನಿ ಅಂತ ಆಸೆ ತೋರ್ಸಿದೋನು?" ಎಂದು ಬೈದು ಇಟ್ಟ. ತಿಪ್ಪೇಶ ತನ್ನ ನಾಲಿಗೆಯನ್ನೂ ಕಂಡಕ್ಟರನನ್ನೂ ಸಮನಾಗಿ ಶಪಿಸಿದ. ಸುಮ್ಮನೆ ಮನೆಯಲ್ಲಿ ಬಿದ್ದುಕೊಂಡಿದ್ದರೆ, ಯಾವ ಬಸ್ಸೂ ಹತ್ತದೆ ಇದ್ದಿದ್ದರೆ, ಈ ಹೊತ್ತಿಗೆ ಐನೂರು ಸೆಟ್ಟಿನ ಯಜಮಾನ.

ಪಾವಗಡದಲ್ಲಿ ಬಸ್ಸು ಬದಲಿಸುವಾಗ ಶ್ರೀಲತಾಳ ಫೋನು ಬಂತು.

"ಅಣ್ಣಾ, ಸೆಂಟರ್ ಮುಚ್ಚೋ ಮೊದ್ಲು ನಿಮ್ ಮೈಲ್ ತೆಗೆದು ನೋಡ್ದೆ, ಮಧ್ಯಾಹ್ನ ಕಳಿಸೋ ಅವಸರದಲ್ಲಿ ಬಂದಿರೋದು ನೋಡಿರ್ಲಿಲ್ಲ. ಎರಡು ಬಂದವೆ. ಒಂದು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಓಬಳಪ್ಪ ಸಾರ್‌ದು. ಐನೂರು ಸೆಟ್ಟಿಗೆ ಒಪ್ಪಿಗೆ ಅಂತೈತೆ. ಕಂಗ್ರಾಟ್ಸ್ ಅಣ್ಣಾ!"

"ಎರಡನೇದು ಓದಮ್ಮ."

"ಇದು ಈಗ ಬಂದಿದ್ದು. ಕಲ್ಯಾಣದುರ್ಗದ ಯಾವ್ದೋ ಶಾಮಿಯಾನ ಕಂಪನೀದು. ಮೇಲ್ಗಡೆ ಬಿಸಿನೆಸ್ ಪ್ರಪೋಸಲ್ ಅಂತ ಹಾಕವ್ರೆ. ಓದ್ಲಾ? 'ಐನೂರು ಸನ್ಮಾನದ ಸೆಟ್ಟುಗಳನ್ನು ಇಪ್ಪತ್ತು ದಿನದೊಳಗೆ ತಯಾರಿಸಿ ಕೊಡುವುದು. ತಮ್ಮ ಕೊಡೋ ರೇಟು ನಾನೂರ ಎಂಬತ್ತು ಎಂದು ಓಬಳಪ್ಪ ಸಾರ್ ಮೂಲಕ ತಿಳಿಯಿತು. ಮನೆಯವರೇ ಆದ ಕಾರಣ ನಾನೂರ ಐವತ್ತಕ್ಕೆ ನಿಗದಿ ಮಾಡಿದೆ. ಈ ದಿನ ಎಷ್ಟಾಯಿತು ಎಂದು ದಿನಾ ಸಂಜೆ ಮೈಲ್ ಮಾಡತಕ್ಕದ್ದು.' ಅಷ್ಟೇ ಅಣ್ಣಾ. ಆರು ಗಂಟೆಯೊಳ್ಗೆ ಉತ್ತರ ಬೇಕಂತೆ. ಏನಂತ ಹಾಕ್ಲಿ?"

ತಿಪ್ಪೇಶ ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತ. ನಾಲ್ಕು ಮಿಷನ್ನು ಓಡುತ್ತವೆ, ಎರಡು ಮಗ್ಗ ಆಡುತ್ತವೆ. ಬೇಡ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಮನಸ್ಸು ಬರಲಿಲ್ಲ. ಹಿಂದೂಪುರದ ಬಸ್ಸು ಹಾರನ್ ಹೊಡೆಯಿತು.

"ಒಪ್ಪಿಗೆ ಅಂತ ಹಾಕಮ್ಮ," ಎಂದ. "ಅದೊಂದೇ ಪದ. ಬೇರೆ ಏನೂ ಸೇರಿಸ್ಬೇಡ."

ಬಸ್ಸು ಹತ್ತಿ ಕೂತು ಐದು ನಿಮಿಷವಾಗಿರಲಿಲ್ಲ, ಬನಶ್ರೀಯ ಫೋನು ಬಂತು. ದನಿಯಲ್ಲಿ ಸಂತೋಷ ಉಕ್ಕಿ ಹರಿಯುತ್ತಿತ್ತು.

"ಕದಿರೇಶ ಈಗ್ತಾನೆ ಹೇಳ್ದ ಕಣ್ರೀ! ಅಂಗಡೀಗೂ ಬರೋದು ಬೇಡ್ವಂತೆ, ಮನೇಲೇ ಕೂತು ಅವ್ನ ಕೆಲ್ಸ ಮಾಡಿದ್ರೆ ಸಾಕಂತೆ. ನೀವು ಸುಮ್ನೆ ಇಷ್ಟು ದಿನ ಮಾನ ಮರ್ಯಾದೆ ಅಂತ ಒದ್ದಾಡಿದ್ರಿ. ಮೈಲಲ್ಲಿ ನಿಮ್ನ 'ಡಿಯರ್ ಸಾರ್' ಅಂತ ಕರ್ದವ್ನಂತೆ! ಬಾಮೈದನ ಕೈಲಿ ಸಾರ್ ಅನ್ನಿಸ್ಕೊಂಡೋರು ಈ ಹಿಂದೂಪುರದಲ್ಲಿ ಇನ್ಯಾರವ್ರೆ, ಹೇಳಿ ನೋಡಾನ?"